ವಂತಿಗೆ ಕೊಟ್ಟವರ ಊರುಗಳು

ಜಮಖಂಡಿಯಿಂದ ವಿಜಯಪುರಕ್ಕೆ ಹೊರಟ ಬಸ್ಸು ಕೃಷ್ಣಾ ನದಿಯನ್ನು ದಾಟುವುದು ಚಿಕ್ಕಪಡಸಲಗಿಯ ಬಳಿ. ಕಿಟಕಿಯ ಪಕ್ಕ ಕುಳಿತವರಿಗೆ ಅಲ್ಲಿ ಒಂದು ಬ್ಯಾರೇಜು ಕಾಣುತ್ತದೆ. ನಮ್ಮ ನಾಡಿನ ಹಲವು ನದಿಗಳಿಗೆ ಅಡ್ಡಲಾಗಿ ಇಂಥ ಕಟ್ಟಡಗಳಿವೆ. ಆದ್ದರಿಂದ ಹೊಸಬರು ಇದನ್ನು ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಆದರೆ ಪಕ್ಕದಲ್ಲಿ ಆ ಭಾಗದ ಹಿರಿಯರೊಬ್ಬರು ಕುಳಿತಿದ್ದರೆ ಸುಮ್ಮನಿರಲಾರರು. "ಇದನ್ನ ಸರಕಾರ ಕಟ್ಟಿದ್ದಲ್ರೀ, ನಾವs ಕಟ್ಟಿದ್ದು" ಎಂದು ಹೇಳಿಯೇ ಹೇಳುತ್ತಾರೆ.

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. 1989ರಲ್ಲಿ ಕೃಷ್ಣಾ ತೀರ ರೈತ ಸಂಘದವರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಹಾಕಿ, ಮೈಮುರಿದು ದುಡಿದು ಈ ಬ್ಯಾರೇಜನ್ನು ನಿಲ್ಲಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಶ್ರಮಬಿಂದು ಸಾಗರ'. ಬೆವರ ಹನಿಗಳಿಂದ ತುಂಬಿದ ಸಾಗರ ಎಂಬುದು ಅದರ ಭಾವ.

ಇಂಥ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕು? ಇಂದು ಬಳಕೆಯಲ್ಲಿರುವ ಮಾತುಗಳು ಹಲವು: ಸ್ವಯಂಸೇವಾ ಸಂಸ್ಥೆ, ಸರಕಾರೇತರ ಸಂಸ್ಥೆ, ಲಾಭರಹಿತ ಸಂಸ್ಥೆ, ಎನ್‌ಜಿಒ. ಇವುಗಳಲ್ಲಿ ಎರಡು ಮೂರು ಹೆಸರುಗಳು ಸಂಸ್ಥೆ ಏನಲ್ಲ ಎಂಬುದನ್ನಷ್ಟೇ ತಿಳಿಸುತ್ತವೆ. ಸರಕಾರವಲ್ಲ, ವ್ಯಾಪಾರವಲ್ಲ, ಸರಿ, ಹಾಗಾದರೆ ಏನು? ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ನೂರಿಪ್ಪತ್ತು ವರ್ಷಗಳ ಅನುಭವದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಇಡೀ ರಾಜ್ಯದ ಸಂಘ ಸಂಸ್ಥೆಗಳ ಕಥೆಯೂ ಅದರಲ್ಲಿ ಅಡಗಿದೆ.

ನಾಲ್ಕು ಊರು, ನಾಲ್ಕು ದೊರೆತನ

ಇಂದು ಈ ನಾಲ್ಕೂ ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳು. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂತಿರುಗಬಹುದು. ಆದರೆ 1948ರವರೆಗೆ ಇವು ಬೇರೆ ಬೇರೆ ದೊರೆತನಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿದ್ದ ವಿಜಾಪುರ ಜಿಲ್ಲೆಗೆ ಸೇರಿತ್ತು. ಎಲ್ಲಕ್ಕಿಂತ ಸೋಜಿಗವೆಂದರೆ ಇಂದು ಒಂದೇ ನಗರಸಭೆಯ ಕೆಳಗಿರುವ ರಬಕವಿ ಮತ್ತು ಬನಹಟ್ಟಿಗಳದು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಎರಡೂ ನೇಕಾರರ ಊರುಗಳೇ. ಮಗ್ಗದ ಸದ್ದು ಒಂದೇ, ದೊರೆ ಮಾತ್ರ ಬೇರೆ.

ಈ ಹಂಚಿಕೆಯಿಂದ ಸಾರ್ವಜನಿಕ ಕೆಲಸಕ್ಕೆ ಒಂದು ವಿಚಿತ್ರ ತೊಡಕು ಇತ್ತು. ಬ್ರಿಟಿಷ್ ಸರಕಾರ 1860ರಲ್ಲಿ ಸಂಘಗಳ ನೋಂದಣಿ ಕಾಯಿದೆಯನ್ನು ತಂದಿತು. ಏಳು ಮಂದಿ ಕೂಡಿ, ವಿದ್ಯೆ, ಸಾಹಿತ್ಯ, ಧರ್ಮಕಾರ್ಯ ಇಂಥ ಉದ್ದೇಶವನ್ನು ಬರೆದುಕೊಟ್ಟು, ನೋಂದಾಯಿಸಿಕೊಂಡರೆ ಕಾನೂನಿನ ಕಣ್ಣಿನಲ್ಲಿ ಒಂದು ಸಂಘ ಹುಟ್ಟುತ್ತಿತ್ತು. ಆ ಕಾಯಿದೆಯಲ್ಲಿ ಒಂದು ಮುಖ್ಯವಾದ ಕಟ್ಟಳೆಯೂ ಇತ್ತು. ಸಂಘವನ್ನು ಮುಚ್ಚಬೇಕಾಗಿ ಬಂದರೆ, ಸಾಲಗಳನ್ನು ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಮತ್ತೊಂದು ಸಂಘಕ್ಕೆ ಹೋಗಬೇಕು. 'ಲಾಭರಹಿತ' ಎಂಬ ಮಾತಿನ ತಿರುಳು ಇರುವುದು ಇಲ್ಲಿಯೇ. ಸಂಘ ಹಣ ಗಳಿಸಬಾರದೆಂದಲ್ಲ. ಗಳಿಸಿದ್ದು ಯಾರ ಮನೆಗೂ ಹೋಗಬಾರದು, ಅಷ್ಟೆ.

ಈ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಬೀಳಗಿಯವರು ವಿಜಾಪುರಕ್ಕೆ ಬರೆದುಕೊಂಡು ಸಂಘ ಕಟ್ಟಬಹುದಿತ್ತು. ಜಮಖಂಡಿ, ಮುಧೋಳದವರಿಗೆ ಸಂಸ್ಥಾನದ ಅಪ್ಪಣೆಯೇ ಕಾನೂನು. ಸಂಸ್ಥಾನಿಕರು ಉದಾರಿಗಳಾಗಿದ್ದಾಗ ಒಳ್ಳೆಯ ಕೆಲಸಗಳೂ ಆದವೆನ್ನಬೇಕು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲು ಆ ಕಾಲದ್ದು. ಗುರುದೇವ ರಾನಡೆಯವರು (1886-1957) ಅಲ್ಲಿಯೇ ಓದಿದರು; ಮುಂದೆ ದೇಶವೇ ಗೌರವಿಸಿದ ತತ್ತ್ವಜ್ಞಾನಿಯಾದರು. ಆದರೂ ದೊರೆಯ ಶಾಲೆ ದೊರೆಯ ಕೊಡುಗೆ. ಅದನ್ನು ಪಡೆದವನು ಕೃತಜ್ಞನಾಗಿರಬಹುದಿತ್ತೇ ಹೊರತು ಲೆಕ್ಕ ಕೇಳುವಂತಿರಲಿಲ್ಲ.

ಮಠ, ಬಾವಿ, ಪಟ್ಟಿ

ಕಾಯಿದೆಗಿಂತ ಮುಂಚೆ ಇಲ್ಲಿ ಸಾರ್ವಜನಿಕ ಕೆಲಸವೇ ಇರಲಿಲ್ಲವೆಂದು ತಿಳಿಯಬಾರದು. ಜಮಖಂಡಿಯ ಓಲೇಮಠದಂಥ ಮಠಗಳಲ್ಲಿ ದಾಸೋಹದ ರೂಢಿ ಹಳೆಯದು. ಮಠದ ಕಣಜಕ್ಕೆ ಸುಗ್ಗಿಯಲ್ಲಿ ಭಕ್ತರು ಕಾಳು ಅಳೆಯುತ್ತಿದ್ದರು. ಆ ಕಾಳು ಬಡವರ, ದಾರಿಹೋಕರ, ಓದುವ ಹುಡುಗರ ಊಟವಾಗುತ್ತಿತ್ತು. ಬೀಳಗಿಯಲ್ಲಿ ಆರು ಎತ್ತು ಹೂಡಿ ನೀರೆತ್ತುತ್ತಿದ್ದ 'ಆರೆತ್ತಿನ ಬಾವಿ' ಇಂದಿಗೂ ಇದೆ. ಊರ ಜಾತ್ರೆ, ಗುಡಿಯ ಜೀರ್ಣೋದ್ಧಾರ, ಕುಸ್ತಿಯ ಕಣ, ಬಯಲಾಟ ಎಲ್ಲಕ್ಕೂ ಮನೆಮನೆಯಿಂದ 'ಪಟ್ಟಿ' ಎತ್ತುವುದು ವಾಡಿಕೆ. ಎತ್ತಿನ ಕಟ್ಟಿನ ಮೇಲೋ ಮಗ್ಗದ ಮೇಲೋ ಇಷ್ಟಿಷ್ಟು ಎಂದು ಹಿರಿಯರು ಗೊತ್ತುಮಾಡುತ್ತಾರೆ. ಜಾತ್ರೆ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಖರ್ಚಿನ ಚೀಟಿಯನ್ನು ಓದಿ ಹೇಳುತ್ತಾರೆ. ಓದದಿದ್ದರೆ ಮುಂದಿನ ವರ್ಷ ಪಟ್ಟಿ ಹುಟ್ಟುವುದಿಲ್ಲ.

ಈ ಪಟ್ಟಿಯ ಪದ್ಧತಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ. ದಾನಿಯೆಂಬ ಮೇಲಿನವನಿಲ್ಲ, ದೀನನೆಂಬ ಕೆಳಗಿನವನಿಲ್ಲ. ಹತ್ತು ರೂಪಾಯಿ ಕೊಟ್ಟವನಿಗೂ ಲೆಕ್ಕ ಕೇಳುವ ಬಾಯಿ ಇರುತ್ತದೆ. ಈ ಪದ್ಧತಿಗೆ ಮಿತಿಗಳೂ ಇದ್ದವು. ಕಟ್ಟೆಯ ಮೇಲೆ ಕುಳಿತು ಲೆಕ್ಕ ಕೇಳುವವರಲ್ಲಿ ಊರಿನ ಎಲ್ಲ ಕೇರಿಯವರೂ ಇರುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ಇರಲೇ ಇಲ್ಲ. ಜಾತಿಯ ಗೆರೆಯೊಳಗೆ ನಡೆದ ಸಮಾನತೆ ಅದು. ಆ ಗೆರೆಯನ್ನು ದಾಟುವ ಕೆಲಸ ನಿಧಾನವಾಗಿ, ಅರೆಬರೆಯಾಗಿ ಆಯಿತು.

ತಾಳೆಗರಿಯಿಂದ ಕಾಲೇಜಿನವರೆಗೆ

ಹಳೆಯ ಪಟ್ಟಿಯ ಪದ್ಧತಿಗೂ ಹೊಸ ನೋಂದಣಿಯ ಕಾಯಿದೆಗೂ ಗಂಟು ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1906ರಲ್ಲಿ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ತಲೆಯೆತ್ತಿತು. 1910ರಲ್ಲಿ ವಿಜಾಪುರದಲ್ಲಿ ಬಿಎಲ್‌ಡಿಇ ಎಂದೇ ಪ್ರಸಿದ್ಧವಾದ ವಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯನ್ನು ಕಟ್ಟಿದವರು ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಬಂತು. ಮುಂಬಯಿ ಸರಕಾರಕ್ಕೆ ಕನ್ನಡದ ಹಳ್ಳಿಯ ಹುಡುಗರ ಓದು ದೂರದ ವಿಷಯವಾಗಿದ್ದಾಗ ಈ ಸಂಘಗಳು ಶಾಲೆ, ಉಚಿತ ಬೋರ್ಡಿಂಗುಗಳನ್ನು ತೆರೆದವು. ಬಂಡವಾಳವೆಂದರೆ ವ್ಯಾಪಾರಿಗಳ ಮತ್ತು ಒಕ್ಕಲಿಗರ ವಂತಿಗೆ, ಮಠಗಳ ಕಣಜ.

ಹಳಕಟ್ಟಿಯವರ ಜೀವನದಲ್ಲಿ ರಬಕವಿ-ಬನಹಟ್ಟಿಗೆ ವಿಶೇಷ ಸ್ಥಾನವಿದೆ. ಇಲ್ಲಿಯ ಮನೆಯೊಂದರಲ್ಲಿ ಅವರಿಗೆ ಕಂಡ ವಚನಗಳ ತಾಳೆಗರಿ ಕಟ್ಟುಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದವು. ನೇಕಾರರ, ವ್ಯಾಪಾರಿಗಳ ಮನೆಗಳಲ್ಲಿ ಪೂಜೆಯ ಜಗುಲಿಯ ಮೇಲಿದ್ದ ಗ್ರಂಥಗಳನ್ನು ಅವರು ಊರೂರು ಅಲೆದು ಒಟ್ಟುಗೂಡಿಸಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಇದೇ ಹಳಕಟ್ಟಿಯವರು 1912ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದ್ದರು. ವಚನ, ಶಾಲೆ, ಬ್ಯಾಂಕು ಇವು ಮೂರು ಬೇರೆ ಕೆಲಸಗಳೆಂದು ಅವರಿಗೆ ಅನ್ನಿಸಿರಲಾರದು. ಜನ ತಮ್ಮದನ್ನು ತಾವೇ ಕೂಡಿಡಬೇಕು, ತಾವೇ ಕಾಯಬೇಕು ಎಂಬ ಒಂದೇ ಎಳೆ ಮೂರರಲ್ಲಿಯೂ ಇದೆ.

ಮುಂದೆ ಬಿಎಲ್‌ಡಿಇ ಸಂಸ್ಥೆಯ ಪದವಿ ಕಾಲೇಜು ಜಮಖಂಡಿಗೂ ಬಂತು. ಬನಹಟ್ಟಿಯಲ್ಲಿ ಜನತಾ ಶಿಕ್ಷಣ ಸಂಘ ಶಾಲೆ ಕಾಲೇಜುಗಳನ್ನು ನಡೆಸಿತು. ಜಾತಿಯ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಗಳೂ ಬರಬರುತ್ತ ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲು ತೆರೆದವು. ಆದರೆ ಬೋರ್ಡಿಂಗುಗಳು ಶುಲ್ಕದ ಕಾಲೇಜುಗಳಾಗಿ, ವಂತಿಗೆ ಎಂಬ ಶಬ್ದವೇ ಪ್ರವೇಶದ ದಿನ ಪಾಲಕರು ತೆರುವ ಮೊತ್ತಕ್ಕೆ ಹೆಸರಾದದ್ದು ಇಡೀ ರಾಜ್ಯದ ಅನುಭವ. 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನೇ ಕರ್ನಾಟಕ ಮಾಡಬೇಕಾಯಿತು. ಊರಿಗಾಗಿ ಎಲ್ಲರೂ ಕೊಡುತ್ತಿದ್ದ ಹಣಕ್ಕಿದ್ದ ಹೆಸರು, ಒಂದು ಸೀಟಿಗಾಗಿ ಒಬ್ಬರು ಕೊಡುವ ಹಣಕ್ಕೆ ಸಂದಿತು!

ಸಾವಳಗಿಯ ವಕೀಲರು ಮತ್ತು ಎರಡು ಕಾಯಿದೆಗಳು

1948ರ ಮಾರ್ಚ್‌ನಲ್ಲಿ ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ, ಮುಧೋಳಗಳು ವಿಜಾಪುರ ಜಿಲ್ಲೆಗೆ ಸೇರಿದವು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಬಂದ ಮೇಲೆ ಗುಡಿ, ಮಠ, ಧರ್ಮಛತ್ರಗಳೂ ನೋಂದಾಯಿಸಿಕೊಂಡು ಲೆಕ್ಕ ತೋರಿಸಬೇಕಾಯಿತು. ಧರ್ಮದ ಹಣಕ್ಕೂ ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕೆಂಬುದು ಅನೇಕರಿಗೆ ಹೊಸ ಅನುಭವವೇ ಆಗಿತ್ತು.

1956ರಲ್ಲಿ ಕರ್ನಾಟಕದ ಏಕೀಕರಣವಾದಾಗ ಇನ್ನೊಂದು ಸಮಸ್ಯೆ ಎದುರಾಯಿತು. ಐದು ಆಡಳಿತಗಳಿಂದ ಬಂದ ಪ್ರದೇಶಗಳು ತಂತಮ್ಮ ಕಾನೂನುಗಳನ್ನೂ ಹೊತ್ತು ತಂದಿದ್ದವು. ವಿಜಾಪುರದ ಸಹಕಾರ ಸಂಘ 1925ರ ಮುಂಬಯಿ ಕಾಯಿದೆಯಂತೆ ನಡೆದರೆ ಮೈಸೂರು, ಹೈದರಾಬಾದು, ಕೊಡಗು, ಮದರಾಸು ಭಾಗಗಳಲ್ಲಿ ಬೇರೆ ಬೇರೆ ಕಟ್ಟಳೆಗಳು. ಇವನ್ನೆಲ್ಲ ಒಂದುಗೂಡಿಸಿ 1959ರಲ್ಲಿ ಸಹಕಾರ ಸಂಘಗಳ ಕಾಯಿದೆಯನ್ನೂ 1960ರಲ್ಲಿ ಸಂಘಗಳ ನೋಂದಣಿ ಕಾಯಿದೆಯನ್ನೂ ಮಾಡಲಾಯಿತು. ಇಂದಿಗೂ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಯುವಕ ಸಂಘವೇ ಇರಲಿ, ಮಹಿಳಾ ಮಂಡಳವೇ ಇರಲಿ, ಈ 1960ರ ಕಾಯಿದೆಯ ಕೆಳಗೇ ಹೆಸರು ಬರೆಸಬೇಕು.

ಈ ಎರಡೂ ಕಾಯಿದೆಗಳು ಬಂದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಬಸಪ್ಪ ದಾನಪ್ಪ ಜತ್ತಿಯವರು (1958-62). ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿಯ ನಗರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಕೊನೆಯ ದಿನಗಳಲ್ಲಿ ಅದರ ಮುಖ್ಯಮಂತ್ರಿಯೂ ಆಗಿದ್ದವರು. ದೊರೆಯ ಅಪ್ಪಣೆಯಿಂದ ನಡೆಯುವ ಊರನ್ನೂ ಕಾಯಿದೆಯಿಂದ ನಡೆಯುವ ಊರನ್ನೂ ಹತ್ತಿರದಿಂದ ಬಲ್ಲವರು. ಮುಂದೆ 1974ರಲ್ಲಿ ಉಪರಾಷ್ಟ್ರಪತಿಗಳಾಗಿ, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಗಳೂ ಆದ ಜತ್ತಿಯವರು 1964ರಲ್ಲಿ ಬೆಂಗಳೂರಿನಲ್ಲಿ ತಾವೇ ಒಂದು ಸಂಸ್ಥೆಯನ್ನು ಕಟ್ಟಿದರು. ಅದೇ ಬಸವ ಸಮಿತಿ. ರಬಕವಿ-ಬನಹಟ್ಟಿಯ ಜಗುಲಿಯಿಂದ ಹಳಕಟ್ಟಿಯವರು ಇಳಿಸಿ ತಂದ ವಚನಗಳನ್ನು ಆ ಸಮಿತಿ ದೇಶದ ಅನೇಕ ಭಾಷೆಗಳಿಗೆ ಅನುವಾದ ಮಾಡಿಸಿ ಹೊರತಂದಿತು.

ನೂಲು, ಸೀರೆ, ಸಬ್ಸಿಡಿ

ಸಹಕಾರ ಸಂಘವನ್ನು ಕಟ್ಟುನಿಟ್ಟಾಗಿ ಲಾಭರಹಿತ ಸಂಸ್ಥೆಯೆನ್ನಲು ಬರುವುದಿಲ್ಲ; ಅದು ಸದಸ್ಯರಿಗೆ ಮಿತಿಯೊಳಗೆ ಲಾಭಾಂಶವನ್ನು ಹಂಚುತ್ತದೆ. ಆದರೂ ಉತ್ತರ ಕರ್ನಾಟಕದಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡಲಾಗದು. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶಕ್ಕೇ ಮೊದಲನೆಯದೆಂದು ಖ್ಯಾತವಾಗಿದೆ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ನೆರೆಹೊರೆಯವರು ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದೇ ಅದರ ಜೀವಾಳ.

ರಬಕವಿ-ಬನಹಟ್ಟಿಯ ನೇಕಾರನಿಗೆ ಸಾಹುಕಾರನ ಕಾಟ ಬೇರೆ ರೂಪದಲ್ಲಿತ್ತು. ನೂಲು ಕೊಡುವವನೂ ಅವನೇ, ಸೀರೆ ಕೊಳ್ಳುವವನೂ ಅವನೇ; ಎರಡರ ಬೆಲೆಯನ್ನೂ ಅವನೇ ಗೊತ್ತುಮಾಡುತ್ತಿದ್ದ. ನೇಕಾರರ ಸಹಕಾರ ಸಂಘ ಈ ಸರಪಳಿಯ ಎರಡೂ ತುದಿಗಳನ್ನು ಹಿಡಿಯಲು ಹೊರಟಿತು. ನೂಲನ್ನು ಒಟ್ಟಿಗೆ ಕೊಂಡು ಸದಸ್ಯರಿಗೆ ಕೊಡುವುದು, ನೇಯ್ದದ್ದನ್ನು ಪಡೆದು ಮಜೂರಿ ಕೊಡುವುದು, ವರ್ಷದ ಕೊನೆಗೆ ಉಳಿದರೆ ಬೋನಸ್ಸು. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಬಂದ ಮೇಲೆ ಸರಕಾರದ ನೆರವೂ ಸಿಕ್ಕಿತು. 1970ರ ದಶಕದಿಂದ ಜನತಾ ಬಟ್ಟೆಯ ಯೋಜನೆಯಲ್ಲಿ ಸಬ್ಸಿಡಿಯ ಸೀರೆ, ಧೋತರಗಳನ್ನು ನೇಯುವ ಕೆಲಸ ದೊರೆಯಿತು. ಮಗ್ಗ ನಿಲ್ಲಲಿಲ್ಲ, ಹೊಟ್ಟೆ ತುಂಬಿತು. ಆದರೆ ಸಂಘದ ಕಣ್ಣು ಪೇಟೆಯ ಕಡೆಯಿಂದ ಇಲಾಖೆಯ ಕಡೆಗೆ ಹೊರಳಿತು. ಆ ಯೋಜನೆ ಮುಗಿದಾಗ, ವಿದ್ಯುತ್ ಮಗ್ಗಗಳು ಮುನ್ನುಗ್ಗಿದಾಗ, ರಾಜ್ಯದ ಎಷ್ಟೋ ನೇಕಾರ ಸಂಘಗಳಿಗೆ ತಮ್ಮ ಸೀರೆಯನ್ನು ಕೊಳ್ಳುವವರು ಯಾರೆಂಬುದೇ ತಿಳಿಯದಾಗಿತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಕವಿ ರನ್ನನ ಹೆಸರಿನ ರನ್ನನಗರದಲ್ಲಿರುವ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯೂ ಕಬ್ಬು ಅರೆಯುವುದನ್ನು ನಿಲ್ಲಿಸಿದ ವರ್ಷಗಳನ್ನು ಕಂಡಿದೆ. ಷೇರುದಾರರ ಹೆಸರು ಪುಸ್ತಕದಲ್ಲಿದ್ದ ಮಾತ್ರಕ್ಕೆ ಸಂಘ ಅವರ ಕೈಯಲ್ಲಿದೆಯೆಂದು ಹೇಳಲಾಗುವುದಿಲ್ಲ.

ಶ್ರಮಬಿಂದು ಸಾಗರ

ಈ ಹಿನ್ನೆಲೆಯಲ್ಲಿ ನೋಡಿದಾಗ ಚಿಕ್ಕಪಡಸಲಗಿಯ ಬ್ಯಾರೇಜಿನ ಮಹತ್ವ ತಿಳಿಯುತ್ತದೆ. ಕೃಷ್ಣೆ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುತ್ತಾಳೆ. ಆದರೆ ಬೇಸಿಗೆಯಲ್ಲಿ ಮಡುಗಳಷ್ಟೇ ಉಳಿಯುತ್ತಿದ್ದವು. ಹೊಳೆಯ ದಂಡೆಯ ರೈತರು ಸಾಲ ಮಾಡಿ ಪಂಪು ಕೂಡಿಸಿ, ಮೈಲುಗಟ್ಟಲೆ ಪೈಪು ಎಳೆದು ಕಬ್ಬು ಹಚ್ಚಿದ್ದರು. ಹೊಳೆ ಬತ್ತಿದರೆ ಪಂಪು, ಪೈಪು, ಕಬ್ಬು ಎಲ್ಲವೂ ವ್ಯರ್ಥ. ಸಾಲ ಮಾತ್ರ ಉಳಿಯುತ್ತಿತ್ತು. ಅಡ್ಡಗಟ್ಟೆ ಬೇಕೆಂದು ಕೇಳಿ ಕೇಳಿ ಬೇಸತ್ತ ರೈತರು ಕೊನೆಗೆ ತಾವೇ ಕಟ್ಟುವ ಮಾತಾಡಿದರು. ನದಿಯೆಂದರೆ ಸರಕಾರದ್ದು, ಅದಕ್ಕೆ ಅಡ್ಡ ಕಟ್ಟುವುದು ಎಂಜಿನಿಯರುಗಳ ಕೆಲಸ ಎಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಇಂಥ ಬ್ಯಾರೇಜಿನ ತತ್ತ್ವ ಸರಳವಾದದ್ದು. ನದಿಗೆ ಅಡ್ಡಲಾಗಿ ಸಾಲು ಕಂಬಗಳು, ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿಗಳನ್ನು ತೆರೆದಿಟ್ಟು ಮಹಾಪೂರವನ್ನು ಹೋಗಗೊಡಬೇಕು. ಪ್ರವಾಹ ಇಳಿದ ಮೇಲೆ, ಹರಿವು ಇನ್ನೂ ಇರುವಾಗಲೇ, ಗೇಟು ಹಾಕಿ ಕೊನೆಯ ನೀರನ್ನು ಹಿಡಿಯಬೇಕು. ಬೇಗ ಹಾಕಿದರೆ ಪ್ರವಾಹ ಕಟ್ಟಡಕ್ಕೆ ಅಪಾಯ, ತಡಮಾಡಿದರೆ ಸಾಗರ ಖಾಲಿ. ಆದ್ದರಿಂದ ಬ್ಯಾರೇಜು ಒಮ್ಮೆ ಕಟ್ಟಿ ಮರೆತುಬಿಡುವ ಕಟ್ಟಡವಲ್ಲ. ಪ್ರತಿವರ್ಷವೂ ಯಾರೋ ಅದನ್ನು ಕಾಯಬೇಕು, ಅದಕ್ಕೆ ಖರ್ಚು ಮಾಡಬೇಕು.

ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಆ ಕಾಲದ ಹಳ್ಳಿಯ ಜನಕ್ಕೆ ಅದು ಎಣಿಸಲೂ ಕಷ್ಟವಾದ ಮೊತ್ತ. ಹಣ ಕೊಟ್ಟವರು ಹಣ ಕೊಟ್ಟರು, ದುಡಿದವರು ದುಡಿದರು. ಹಳೆಯ ಪಟ್ಟಿಯ ಪದ್ಧತಿಯೇ ಇಲ್ಲಿ ಜಾತ್ರೆಯ ಕಟ್ಟೆಯಿಂದಿಳಿದು ಹೊಳೆಗೆ ಬಂದಿತ್ತು. ಸುದ್ದಿ ದೇಶವೆಲ್ಲ ಹಬ್ಬಿತು. 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನರಸಿಂಹರಾಯರ ಸರಕಾರದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರಾದರು. ಮುಂದೆ ಜಮಖಂಡಿಯ ಶಾಸಕರಾಗಿ 2013ರಲ್ಲಿಯೂ 2018ರಲ್ಲಿಯೂ ಗೆದ್ದರು. ಎರಡನೆಯ ಗೆಲುವಿನ ಬೆನ್ನಿಗೇ, 2018ರ ಮೇ 28ರಂದು, ತುಳಸಿಗೇರಿಯ ಬಳಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಮುಂದಾಳು ದೆಹಲಿಗೆ ಹೋದ ಮೇಲೆ ಅನೇಕ ಸಂಘಗಳು ಸೊರಗುವುದುಂಟು. ಇಲ್ಲಿ ಹಾಗಾಗಲಿಲ್ಲ ಎಂಬುದು ಬ್ಯಾರೇಜು ಕಟ್ಟಿದ್ದಕ್ಕಿಂತ ದೊಡ್ಡ ಸಂಗತಿ. ಆಲಮಟ್ಟಿಯ ಹಿನ್ನೀರು ಸಮೀಪಕ್ಕೆ ಬಂದ ಮೇಲೆ, ಆ ನೀರನ್ನು ಪಂಪುಗಳಿಂದೆತ್ತಿ ಬ್ಯಾರೇಜಿಗೆ ತುಂಬಿಸಿ ಬೇಸಿಗೆಯನ್ನು ದಾಟಿಸುವ ಕೆಲಸವನ್ನೂ ಸಂಘದ ರೈತರು ಹಮ್ಮಿಕೊಂಡರು. ಹಾಗೆಂದು ಎಲ್ಲವೂ ಹೊಗಳುವಂಥದೇ ಎನ್ನಲಾಗದು. ಸಾಗರದ ನೀರಿನಿಂದ ಬೆಳೆದದ್ದು ಬಹುಪಾಲು ಕಬ್ಬು. ನೀರು ಹೆಚ್ಚಿದ ಕಡೆ ಭೂಮಿ ಸವಳಾದದ್ದನ್ನು ಕೃಷ್ಣಾ, ಘಟಪ್ರಭಾ ದಂಡೆಗಳ ರೈತರೇ ಒಪ್ಪುತ್ತಾರೆ. ಹೊಲವಿದ್ದವನಿಗೆ ನೀರು ಸಿಕ್ಕಿತು. ಹೊಲವಿಲ್ಲದವನಿಗೆ ಸಿಕ್ಕಿದ್ದು ಕೂಲಿ. ಬೆವರ ಹನಿಯ ಲೆಕ್ಕದಲ್ಲಿ ಇಬ್ಬರದೂ ಒಂದೇ ಆದರೂ ನೀರಿನ ಲೆಕ್ಕದಲ್ಲಿ ಅಲ್ಲ.

ಅದೇ ಹೊಳೆ, ಇನ್ನೊಂದು ಕಥೆ

ಅದೇ ಕೃಷ್ಣೆ ಸ್ವಲ್ಪ ಕೆಳಗೆ, ಬೀಳಗಿ ತಾಲ್ಲೂಕಿನಲ್ಲಿ, ಬೇರೆಯೇ ಕಥೆ ಹೇಳುತ್ತಾಳೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ದಶಕಗಳ ಮೇಲೆ ತುಂಬಿದಾಗ ಇಲ್ಲಿಯ ಅನೇಕ ಹಳ್ಳಿಗಳು ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದರು. ಪುನರ್ವಸತಿ ತೃಪ್ತಿಕರವಾಗಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕು ಸಾಲದ ಕಂತನ್ನೇ ತಡೆಹಿಡಿದದ್ದುಂಟು. ಹಳ್ಳಿ ಚದುರಿದಾಗ ಮನೆ ಹೊಲಗಳ ಜೊತೆ ಪಟ್ಟಿ ಎತ್ತುವ ನೆರೆಹೊರೆಯೂ ಚದುರಿತು. ಪರಿಹಾರಧನದ ಪಟ್ಟಿಯಲ್ಲಿ ಮನೆಗೆ, ಮರಕ್ಕೆ, ಬಾವಿಗೆ ಬೆಲೆಯಿತ್ತು, ಇದಕ್ಕೆ ಇರಲಿಲ್ಲ.

ಇಂಥ ಹೊತ್ತಿನಲ್ಲಿಯೇ 'ಎನ್‌ಜಿಒ' ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು. ದಕ್ಷಿಣ ಕರ್ನಾಟಕದಲ್ಲಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಹೆಣ್ಣುಮಕ್ಕಳ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 1982ರಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಉತ್ತರ ಕರ್ನಾಟಕಕ್ಕೂ ಹಬ್ಬಿತು. 2000ದಲ್ಲಿ ಸರಕಾರವೇ ಸ್ತ್ರೀಶಕ್ತಿ ಗುಂಪುಗಳನ್ನು ಆರಂಭಿಸಿತು. ಹಳೆಯ ಕಟ್ಟೆಯ ಮೇಲೆ ಜಾಗವಿಲ್ಲದಿದ್ದ ಹೆಣ್ಣುಮಕ್ಕಳು ಚಾಪೆ ಹಾಸಿ, ಸುತ್ತ ಕುಳಿತು, ವಾರದ ಉಳಿತಾಯವನ್ನು ಎಣಿಸಿ ಪುಸ್ತಕದಲ್ಲಿ ಬರೆದರು. ಪಟ್ಟಿಯ ಪದ್ಧತಿ ಗೆರೆ ದಾಟಿದ್ದು ಈ ಚಾಪೆಯ ಮೇಲೆ ಎಂದರೆ ತಪ್ಪಾಗದು.

2009ರ ಅಕ್ಟೋಬರಿನ ಮಹಾಪೂರದಲ್ಲಿ ಸಂಘ ಸಂಸ್ಥೆಗಳ ಇನ್ನೊಂದು ಪರೀಕ್ಷೆ ನಡೆಯಿತು. ಉತ್ತರ ಕರ್ನಾಟಕದ ನೆರೆಗ್ರಾಮಗಳಿಗೆ ದಾನಿಗಳ ನೆರವಿನಿಂದ 'ಆಸರೆ' ಮನೆಗಳನ್ನು ಕಟ್ಟಲಾಯಿತು. ಕಂಪನಿಗಳು, ಟ್ರಸ್ಟುಗಳು, ಮಠಗಳು ಧಾರಾಳವಾಗಿ ಕೊಟ್ಟವು. ಆದರೂ ಅನೇಕ ಕಡೆ ಆ ಮನೆಗಳು ಖಾಲಿ ಉಳಿದವು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ನೀರಿಲ್ಲ ಎಂಬುವು ಜನ ಕೊಟ್ಟ ಕಾರಣಗಳು. ಮನೆಯಲ್ಲಿ ಇರಬೇಕಾದವರನ್ನು ಮನೆ ಹೇಗಿರಬೇಕೆಂದು ಮೊದಲೇ ಕೇಳಿದ್ದರೆ ಈ ಕಾರಣಗಳು ಅಡಿಪಾಯಕ್ಕಿಂತ ಮುಂಚೆಯೇ ತಿಳಿಯುತ್ತಿದ್ದವು. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳಕ್ಕೆ ನುಗ್ಗಿದಾಗ ಎಷ್ಟೋ ಹಳ್ಳಿಗಳ ಜನ ಮತ್ತೆ ಹಳೆಯ ಜಾಗದಲ್ಲಿಯೇ ನೀರಿಗೆ ಸಿಕ್ಕಿದರು.

ಸದಸ್ಯನೋ, ಫಲಾನುಭವಿಯೋ?

ಇಂದು ಸಂಸ್ಥೆಗಳಿಗೆ ಹಣದ ದಾರಿಗಳು ಹೆಚ್ಚಿವೆ, ಕಟ್ಟಳೆಗಳೂ ಹೆಚ್ಚಿವೆ. ವಿದೇಶಿ ದೇಣಿಗೆಯ ಮೇಲೆ 1976ರಲ್ಲಿ ಬಂದ ಕಾಯಿದೆ 2010ರಲ್ಲಿ ಹೊಸರೂಪ ಪಡೆದು 2020ರಲ್ಲಿ ಇನ್ನೂ ಬಿಗಿಯಾಯಿತು. 2014ರಿಂದ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದ ಸೋಮಯ್ಯಾ ಬಳಗದ 'ಹೆಲ್ಪ್ ಎ ಚೈಲ್ಡ್' ಸಂಸ್ಥೆ ಈ ಸೀಮೆಯ ಬಡ ವಿದ್ಯಾರ್ಥಿಗಳಿಗೆ ನೆರವಾಗುತ್ತಿದೆ. ಇವೆಲ್ಲ ಬೇಕಾದವೇ. ಎಲ್ಲ ಹಳ್ಳಿಗಳಿಗೂ ಕಬ್ಬಿನ ಹಣವಿಲ್ಲ. ಎಲ್ಲ ಕೆಲಸವನ್ನೂ ವಂತಿಗೆಯಿಂದ ಮಾಡಲಾಗದು. ಕಿತ್ತು ತಿನ್ನುವ ಬಡತನದಲ್ಲಿರುವವರಿಗೆ "ನೀವೇ ಮಾಡಿಕೊಳ್ಳಿ" ಎನ್ನುವುದು ಉಪದೇಶವಲ್ಲ, ನಿರ್ದಯೆ.

ಆದರೂ ಈ ನಾಲ್ಕು ತಾಲ್ಲೂಕುಗಳ ಅನುಭವ ಒಂದು ಮಾತನ್ನು ಒತ್ತಿ ಹೇಳುತ್ತದೆ. ಹಣ ಎಲ್ಲಿಂದ ಬಂತು ಎಂಬುದಕ್ಕಿಂತ ಲೆಕ್ಕವನ್ನು ಯಾರ ಮುಂದೆ ಓದಲಾಯಿತು ಎಂಬುದು ಸಂಸ್ಥೆಯ ಆಯುಷ್ಯವನ್ನು ತೀರ್ಮಾನಿಸುತ್ತದೆ. ಇಂದಿನ ಸಂಸ್ಥೆಗಳ ಲೆಕ್ಕ ಮೇಲಕ್ಕೆ ಹೋಗುತ್ತದೆ: ದಾನಿಗೆ, ಇಲಾಖೆಗೆ, ಲೆಕ್ಕಪರಿಶೋಧಕರಿಗೆ. ಯಾರಿಗಾಗಿ ಕೆಲಸ ನಡೆಯಿತೋ ಅವರ ಹೆಸರು ವರದಿಯಲ್ಲಿ 'ಫಲಾನುಭವಿ' ಎಂದಿರುತ್ತದೆ. ಕಣಗಿನಹಾಳದಲ್ಲಿ, ಹಳಕಟ್ಟಿಯವರ ಬ್ಯಾಂಕಿನಲ್ಲಿ, ಚಿಕ್ಕಪಡಸಲಗಿಯಲ್ಲಿ ಅದೇ ಮನುಷ್ಯನ ಹೆಸರು 'ಸದಸ್ಯ' ಎಂದಿತ್ತು. ಫಲಾನುಭವಿಯನ್ನು ಎಣಿಸುತ್ತಾರೆ, ಸದಸ್ಯ ತಾನೇ ಎಣಿಸುತ್ತಾನೆ. ನೇಕಾರರ ಸಂಘ ಸೊರಗಿದ್ದು ಸದಸ್ಯ ಫಲಾನುಭವಿಯಾದಾಗ. ಆಸರೆಯ ಮನೆ ಖಾಲಿಯಾದದ್ದು ಫಲಾನುಭವಿಯನ್ನು ಯಾರೂ ಸದಸ್ಯನನ್ನಾಗಿ ಮಾಡದಿದ್ದಾಗ.

ಬ್ಯಾರೇಜು ಕಟ್ಟಿದ ವರ್ಷ ಹುಟ್ಟಿದ ಮಕ್ಕಳು ಈಗ ಸಂಸಾರವಂದಿಗರು. ಬತ್ತಿದ ಕೃಷ್ಣೆಯನ್ನು ಅವರು ನೋಡಿಲ್ಲ, ನೋಡಿದ್ದರೂ ಅಪರೂಪ. ಅವರ ಪಾಲಿಗೆ ಆ ನೀರು ಹೊಳೆಯಷ್ಟೇ ಸಹಜ. ಅಪ್ಪ ಕೊಟ್ಟ ವಂತಿಗೆಯ ರಸೀತಿ ಮನೆಯ ಟ್ರಂಕಿನಲ್ಲಿ ಎಲ್ಲಿಯೋ ಇರಬಹುದು. ಮಳೆಗಾಲ ಮುಗಿಯುತ್ತಲೇ ಪ್ರತಿವರ್ಷ ಗೇಟುಗಳ ಸಮಯ ಬರುತ್ತದೆ. ಆಗ ಕರೆದ ಸಭೆಗೆ ಆ ಮಗ ಹೋಗಿ ಕುಳಿತು, ಕಳೆದ ವರ್ಷದ ಖರ್ಚು ಎಷ್ಟಾಯಿತೆಂದು ಕೇಳುವವರೆಗೆ ಶ್ರಮಬಿಂದು ಸಾಗರ ಅವರದೇ ಆಗಿರುತ್ತದೆ.